ಹಳೆಯದನ್ನು ತೆಗೆದು ಹೊಸದನ್ನು ಹಾಕು

ಲೀಲಕ್ಕನ ಫೋಟೋಗಳನ್ನು ಅಳಿಸಿದ್ದು ಲೀಲಕ್ಕ ಅಲ್ಲ, ನಾನು. ಆ ತಪ್ಪನ್ನು ಅವರ ಕೈಗೆ ಅಂಟಿಸಿದ್ದೂ ನಾನೇ. ಅಂಟಿಸಿದೆ ಎಂದರೆ — ದೊಡ್ಡ ಸುಳ್ಳೇನೂ ಹೇಳಲಿಲ್ಲ, ಒಂದು ಪ್ರಶ್ನೆ ಕೇಳಿದೆ ಅಷ್ಟೇ, ಆಮೇಲೆ ಸುಮ್ಮನಾದೆ. ನಾಲ್ಕು ವರ್ಷ ಸುಮ್ಮನಿದ್ದೆ. ಹೋದ ವರ್ಷ ಲೀಲಕ್ಕ ತೀರಿಕೊಂಡರು. ತಮ್ಮ ಕೈಯಿಂದಲೇ ಎಲ್ಲ ಹೋಯಿತು ಎಂದು ನಂಬಿಕೊಂಡೇ ತೀರಿಕೊಂಡರು.

ಹರ್ಷ, ದೀಕ್ಷಾ — ಇದನ್ನು ನಿಮಗೆ ಬರೆಯುತ್ತಿದ್ದೇನೆ, ಮುಖ ನೋಡಿ ಹೇಳಲು ನನ್ನಿಂದ ಆಗುವುದಿಲ್ಲ. ದೀಕ್ಷಾ ಶಾಲೆಯಲ್ಲಿ ನನ್ನ ಮೇಲೆ ಪ್ರಬಂಧ ಬರೆದಳಲ್ಲ, 'ನಮ್ಮ ಅಜ್ಜಿಯ ಮಾತು ಕಂಪ್ಯೂಟರಿನ ಒಳಗೆ ಇದೆ' ಎಂದು. ಅದನ್ನು ನನ್ನೆದುರು ನಿಂತು ಓದಿದಾಗ ನಾನು ಎದ್ದು ಒಳಗೆ ಹೋದೆ. ಅಜ್ಜಿಗೆ ನಾಚಿಕೆಯಾಯಿತು ಎಂದು ನೀವು ನಕ್ಕಿರಿ. ನಾಚಿಕೆಯೇ ಹೌದು. ಆದರೆ ನೀವು ತಿಳಿದಂಥದ್ದಲ್ಲ.

ನಾನು ಮೊದಲಿನಿಂದಲೂ ಮಾತು ಕಡಿಮೆ. ಗಾಳಿಬೀಡಿನ ಶಾಲೆಯಲ್ಲಿ ಏಳನೆಯವರೆಗೆ ಓದಿದೆ. ಹಾಜರಿ ಕರೆಯುವಾಗ ಬಿಟ್ಟರೆ ಎದ್ದು ನಿಂತು ಬಾಯಿ ಬಿಟ್ಟ ನೆನಪಿಲ್ಲ. ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಿದ್ದರು; ನನಗಿಂತ ಎರಡು ವರ್ಷ ದೊಡ್ಡವರಾದ ಲೀಲಕ್ಕ ನನ್ನ ಪಕ್ಕದಲ್ಲಿ. ಉತ್ತರ ಗೊತ್ತಿದ್ದರೆ ನಾನು ಅವರ ಕಿವಿಯಲ್ಲಿ ಹೇಳುತ್ತಿದ್ದೆ. ಅವರು ಎದ್ದು 'ಕುಸುಮಂಗೆ ಗೊತ್ತುಂಟು ಸಾರ್, ಅವಳ ಬದಲಿಗೆ ನಾನು ಹೇಳ್ತೆ' ಎನ್ನುತ್ತಿದ್ದರು. ಮದುವೆಯಾದ ಮೇಲೆ ನಿಮ್ಮ ಅಜ್ಜ ನನ್ನ ಬದಲಿಗೆ ಮಾತಾಡಿದರು. ಅವರೂ ಹೋದ ಮೇಲೆ, ಮಾತಾಡುವ ಸಂದರ್ಭವೇ ಬರದ ಹಾಗೆ ಬದುಕಲು ಕಲಿತುಕೊಂಡೆ.

ಹಾಗಿದ್ದವಳನ್ನು ರೇವತಿ ಬಂದು ಮಾತಾಡಿಸಿದಳು.

ರೇವತಿ ನಿಮ್ಮ ಅಜ್ಜನ ತಮ್ಮನ ಮಗಳು. ಮಡಿಕೇರಿಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವ ಟೀಚರ್ ಎಂದಷ್ಟೇ ನಿಮಗೆ ಗೊತ್ತು. ಶಾಲೆಯ ಕೆಲಸದ ಹೊರಗೆ ಅವಳಿಗೆ ಇನ್ನೊಂದು ಹುಚ್ಚಿತ್ತು. ಬೇರೆ ಬೇರೆ ಊರುಗಳಲ್ಲಿರುವ ಅವಳಂಥದೇ ನಾಲ್ಕೈದು ಮಂದಿ ಸೇರಿ, ಮೂಲೆಗೆ ಬಿದ್ದ ಹಳೆಯ ಕಂಪ್ಯೂಟರುಗಳಲ್ಲೂ ಚುರುಕಾಗಿ ಓಡುವ, ಪೂರ್ತಿ ಕನ್ನಡದಲ್ಲಿರುವ ಒಂದು ಆಪರೇಟಿಂಗ್ ಸಿಸ್ಟಂ ಮಾಡುತ್ತಿದ್ದರು. ಅದನ್ನು ಕಂಪ್ಯೂಟರಿಗೆ ತುಂಬಿಸುವ ಪ್ರೋಗ್ರಾಮಿಗೆ ಇನ್‌ಸ್ಟಾಲರ್ ಎನ್ನುತ್ತಾರೆ. ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರ್ ಹಾಕಿದರೆ ಅದು ಒಂದೊಂದೇ ಪುಟ ತೋರಿಸುತ್ತದೆ — ಯಾವ ಭಾಷೆ, ಯಾವ ಕೀಲಿಮಣೆ, ನಿಮ್ಮ ಹೆಸರೇನು, ಎಲ್ಲಿ ತುಂಬಿಸಲಿ. ಕೇಳಿದ್ದಕ್ಕೆ ಉತ್ತರ ಕೊಟ್ಟು 'ಮುಂದೆ' ಎಂಬುದನ್ನು ಒತ್ತುತ್ತ ಹೋಗಬೇಕು. ಆ ಇನ್‌ಸ್ಟಾಲರಿನ ಹೊಣೆ ರೇವತಿಯದು.

ಮಳೆಗಾಲದ ಒಂದು ಶನಿವಾರ ಸಣ್ಣದೊಂದು ಹಳೆಯ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು.

"ದೊಡ್ಡವ್ವ, ನಂಗೆ ಕನ್ನಡ ಓದಿಕೆ ಬರ್ವ, ಕಂಪ್ಯೂಟರ್ ಎಂತದೂ ಗೊತ್ತಿಲ್ಲದ ಒಬ್ರು ಬೇಕು."

"ಹಂಗಾರೆ ಸರಿಯಾದ ಮನೆಗೇ ಬಂದೆ," ಎಂದೆ.

ಅವಳ ಕೆಲಸದ ರೀತಿ ಹೀಗೆ. ನಾನು ಮೊದಲಿನಿಂದ ಕೊನೆಯವರೆಗೆ ನಾನಾಗಿಯೇ ಇನ್‌ಸ್ಟಾಲ್ ಮಾಡಬೇಕು. ಅವಳು ಪಕ್ಕದಲ್ಲಿ ಕೂತಿರುತ್ತಾಳೆ, ಬಾಯಿ ಬಿಡುವುದಿಲ್ಲ. ಎಲ್ಲಿ ತಡವರಿಸಿದೆ, ಎಲ್ಲಿ ಭಯವಾಯಿತು, ಯಾವ ಮಾತು ಅರ್ಥವಾಗಲಿಲ್ಲ — ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ವಾರದಲ್ಲಿ ಅವಳು ಅದನ್ನೆಲ್ಲ ಸರಿಮಾಡಿಕೊಂಡು ಬರುತ್ತಾಳೆ. ಮತ್ತೆ ಮೊದಲಿನಿಂದ. ಆ ಮಳೆಗಾಲದಲ್ಲಿ ಎಷ್ಟು ಸಲ ಮಾಡಿದೆನೋ ಲೆಕ್ಕ ಇಡಲಿಲ್ಲ.

ಮೊದಲನೇ ದಿನವೇ ನಾಲ್ಕನೇ ಪುಟದಲ್ಲಿ ಸಿಕ್ಕಿಬಿದ್ದೆ. ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಕೊನೆಗೆ ಅವಳಿಗೇ ತಡೆಯಲಾಗದೆ ಏನಾಯಿತು ಎಂದು ಕೇಳಿದಳು. "ಇದರಲ್ಲಿ ಹಿಂದೆ ಹೋಕೆ ಮಾತ್ರ ಉಟ್ಟು, ಮುಂದೆ ಹೋಕೆ ಇಲ್ಲೆ," ಎಂದೆ. ಆ ಸಣ್ಣ ಪರದೆಯಲ್ಲಿ 'ಮುಂದೆ' ಗುಂಡಿ ಅಂಚಿನ ಕೆಳಗೆ ಮರೆಯಾಗಿತ್ತು. ಅವಳ ಮನೆಯ ದೊಡ್ಡ ಪರದೆಯಲ್ಲಿ ಕಾಣುತ್ತಿದ್ದದ್ದರಿಂದ ಅವಳಿಗೆ ತಿಳಿದೇ ಇರಲಿಲ್ಲ. ಇನ್ನೊಂದು ಸಲ ಪಾಸ್‌ವರ್ಡನ್ನು ಕನ್ನಡದಲ್ಲಿ ಹೊಡೆದೆ. ಎಲ್ಲ ಮುಗಿದು ಕಂಪ್ಯೂಟರನ್ನು ಹೊಸದಾಗಿ ಹಾಕಿದಾಗ ಅದು ಇಂಗ್ಲಿಷ್ ಅಕ್ಷರವನ್ನೇ ತೆಗೆದುಕೊಂಡು, ತಪ್ಪು ತಪ್ಪು ಎನ್ನುತ್ತಿತ್ತು. ಮತ್ತೊಮ್ಮೆ, ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಪೂರ್ತಿ ತುಂಬುವುದಕ್ಕೆ ಒಂದು ಕಡ್ಡಿಯಷ್ಟು ಇರುವಾಗ ನಿಂತುಬಿಟ್ಟಿತು. ಕಾಫಿ ಮಾಡಿ ಕುಡಿದು ಬಂದರೂ ಅಲ್ಲೇ. ಅದು ಇಂಟರ್‌ನೆಟ್ಟಿಗಾಗಿ ಕಾಯುತ್ತಿತ್ತಂತೆ. ನಮ್ಮಲ್ಲಿ ಮಂಜು ಇಳಿದರೆ ನೆಟ್ ಎಲ್ಲಿರುತ್ತದೆ? ನೆಟ್ ಸಿಗದಿದ್ದರೆ ಕಾಯದೆ ಮುಂದೆ ಹೋಗುವ ಹಾಗೆ ಅವಳು ಬದಲಿಸಿದಳು.

ಮಕ್ಕಳೇ, ನನಗೆ ಅದು ಎಂಥ ಸುಖವಾಗಿತ್ತು ಎಂದರೆ — ನನ್ನ ತಿಳಿಯದಿರುವಿಕೆಯಿಂದ ಒಂದು ಕೆಲಸ ಸುಧಾರಿಸುತ್ತಿತ್ತು. ಅಷ್ಟು ವಯಸ್ಸಿಗೆ ಮೊದಲ ಸಲ ನನ್ನ ಮಾತಿಗಾಗಿ ಒಬ್ಬರು ವಾರವಿಡೀ ಕಾಯುತ್ತಿದ್ದರು.

ಆಮೇಲೆ ಭಾಷೆಯ ವಿಷಯ ಬಂತು. ಅದರಲ್ಲಿದ್ದ ಕನ್ನಡ ನಮ್ಮ ಕನ್ನಡವಲ್ಲ. 'ಅನುಸ್ಥಾಪಿಸು' ಎಂದಿತ್ತು. ದೇವರನ್ನು ಕೂರಿಸುವುದೇ ಎಂದು ಕೇಳಿದೆ. 'ಡಿಸ್ಕ್ ವಿಭಜನೆ' ಎಂದರೆ ಏನು ಎಂದು ಕೇಳಿದಾಗ ಅವಳು, ಜಾಗವನ್ನು ಪಾಲು ಮಾಡುವುದು ಎಂದಳು. "ಪಾಲಿಗೆ ಅಣ್ಣತಮ್ಮಂದಿರೆಲ್ಲ ಒಪ್ಪಿದ್ದಾರಾ?" ಎಂದೆ. ರೇವತಿ ನಕ್ಕು ನಕ್ಕು ಗೋಡೆಗೆ ಒರಗಿದಳು. ನಾನು ತಮಾಷೆ ಮಾಡಬಲ್ಲೆ ಎಂಬುದು ನನಗೂ ಆಗಲೇ ಗೊತ್ತಾಗಿದ್ದು.

ಹೀಗೆ ನಗುತ್ತ ನಗುತ್ತಲೇ ಆ ಪುಟಕ್ಕೆ ಬಂದೆವು. ಅದರಲ್ಲಿ ಎರಡು ಆಯ್ಕೆ. ಒಂದರ ಅರ್ಥ, ಕಂಪ್ಯೂಟರಿನಲ್ಲಿ ಈಗಾಗಲೇ ಇರುವುದರ ಪಕ್ಕದಲ್ಲೇ ಹೊಸದನ್ನೂ ಇಡುವುದು. ಇನ್ನೊಂದು ಹೀಗಿತ್ತು: 'ಡಿಸ್ಕನ್ನು ಅಳಿಸಿ ಅನುಸ್ಥಾಪಿಸು.' ನನಗೆ ಅಳಿಸು ಎಂದರೆ ಸ್ಲೇಟು ಒರೆಸುವುದು, ಡಿಸ್ಕ್ ಎಂದರೆ ಏನೋ ತಟ್ಟೆ. ಎರಡೂ ಕೂಡಲಿಲ್ಲ. ಇಡೀ ಕಂಪ್ಯೂಟರಿಗೆ ಹೊಸದೊಂದನ್ನೇ ತುಂಬಿಸುವುದಕ್ಕೆ ಮನೆಯಲ್ಲಿ ನೀವು ಹೇಗೆ ಹೇಳುತ್ತೀರಿ ಎಂದು ರೇವತಿ ಕೇಳಿದಳು.

ನನಗೆ ಪತ್ತಾಯ ನೆನಪಾಯಿತು — ನೀವು ನೋಡಿಲ್ಲ. ಭತ್ತ ತುಂಬಿಡುವ ದೊಡ್ಡ ಮರದ ಪೆಟ್ಟಿಗೆ. ಹುತ್ತರಿ ಹಬ್ಬ ಕಳೆದು ಹೊಸ ಬೆಳೆ ಒಳಗೆ ಬಂದಾಗ ಅವ್ವ ಹೇಳುತ್ತಿದ್ದ ಮಾತು: ಹಳೇದನ್ನ ತೆಗ್ದ್ ಹೊಸದನ್ನ ಹಾಕು. ಅದನ್ನೇ ಹೇಳಿದೆ. ರೇವತಿ ಬರೆದುಕೊಂಡಳು, ಎರಡು ಸಲ ಓದಿದಳು, ಎಷ್ಟು ಚೆಂದ ದೊಡ್ಡವ್ವ ಎಂದಳು. ಮುಂದಿನ ವಾರ ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಬಂತು — 'ಹಳೆಯದನ್ನು ತೆಗೆದು ಹೊಸದನ್ನು ಹಾಕು.'

ಪತ್ತಾಯದಿಂದ ತೆಗೆದ ಹಳೆಯ ಭತ್ತವನ್ನು ಯಾರಾದರೂ ಬಿಸಾಡುತ್ತಾರೆಯೇ? ಗೋಣಿಗೆ ತುಂಬಿ ಅಟ್ಟದಲ್ಲಿ ಇಡುತ್ತೇವೆ, ಮೊದಲು ಅದನ್ನೇ ಉಣ್ಣುತ್ತೇವೆ. ನನ್ನ ಮಟ್ಟಿಗೆ ತೆಗೆಯುವುದು ಎಂದರೆ ತೆಗೆದಿಡುವುದು. ರೇವತಿಯ ಮಟ್ಟಿಗೆ ತೆಗೆದುಹಾಕುವುದು. ಇಬ್ಬರೂ ಒಂದೇ ಮಾತು ಓದಿ ತಲೆಯಾಡಿಸಿದೆವು.

ಆ ಪುಟದ ನಂತರ ಇನ್ನೊಂದು ಸಣ್ಣ ಪುಟವಿತ್ತು. 'ಈ ಕ್ರಿಯೆಯನ್ನು ಹಿಂಪಡೆಯಲಾಗದು, ಮುಂದುವರಿಯಲೇ?' ಎಂದು ಕೇಳುತ್ತಿತ್ತು. ಒಪ್ಪಿದ್ದನ್ನೇ ಎಷ್ಟು ಸಲ ಕೇಳುತ್ತದೆ ಇದು, ಹೆಣ್ಣು ನೋಡಲು ಬಂದವರ ಹಾಗೆ — ಎಂದೆ. ಆ ಪುಟವನ್ನೂ ಅವಳು ತೆಗೆದಳು. ಅದೂ ನನ್ನ ಮಾತಿನಿಂದಲೇ.

ಇಲ್ಲಿಯವರೆಗಿನದು ಅರಿಯದೆ ಆದದ್ದು. ಮುಂದಿನದು ಹಾಗಲ್ಲ.

ಹೊಸ ಮಾತು ಬಂದ ಮೇಲೆ ನಾನು ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿದೆ. ಪರೀಕ್ಷೆಗೆಂದು ರೇವತಿ ಅದರಲ್ಲಿ ಮೊದಲೇ ನಮ್ಮ ಏಲಕ್ಕಿ ಗಿಡಗಳ ಕೆಲವು ಫೋಟೋ ಹಾಕಿಟ್ಟಿದ್ದಳು. 'ಹಳೆಯದನ್ನು ತೆಗೆದು' ಎಂಬುದನ್ನೇ ಆರಿಸಿದೆ. ಎಲ್ಲ ಮುಗಿಯಿತು. ಏಲಕ್ಕಿ ಗಿಡಗಳಿಲ್ಲ. ಒಂದೊಂದೇ ಕಡತ ಬಿಚ್ಚಿ ನೋಡಿದೆ, ಎಲ್ಲ ಖಾಲಿ. ನನ್ನ ನೋಟ್‌ಬುಕ್ಕಿನಲ್ಲಿ ಬರೆದೆ: 'ತೆಗೆದ ಹಳೆಯದು ಎಲ್ಲಿ ಇಟ್ಟಿದೆ? ಕಾಣುವುದಿಲ್ಲ.'

ಬರೆದು ಮುಗಿಸುವಷ್ಟರಲ್ಲಿ ರೇವತಿ ತನ್ನ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ಅವತ್ತು ನೆಟ್ ಸಿಕ್ಕಿತ್ತು; ಅವಳ ಜೊತೆಯವರೆಲ್ಲ ವಿಡಿಯೋ ಕರೆಯಲ್ಲಿದ್ದರು, ನಾಲ್ಕೈದು ಮುಖ. ಇವರೇ ನಮ್ಮ ದೊಡ್ಡವ್ವ ಎಂದಳು. ಅವರಲ್ಲಿ ಒಬ್ಬರು, ಆ ಮಾತು ನಿಮ್ಮದಂತೆ, ನಮ್ಮ ಅಮ್ಮನಿಗೆ ಓದಿದ ಕೂಡಲೇ ಅರ್ಥವಾಯಿತು ಎಂದರು. ನನಗೆ ಕಿವಿ ಬಿಸಿಯಾಯಿತು. ಆಗ ರೇವತಿ ಎಲ್ಲರ ಎದುರು ಕೇಳಿದಳು, "ಆ ಪುಟ ಈಗ ಸರಿ ಉಟ್ಟಲ್ಲ ದೊಡ್ಡವ್ವ?"

ನೋಟ್‌ಬುಕ್ ನನ್ನ ಮಡಿಲಲ್ಲಿತ್ತು. ಶಾಯಿ ಆರಿರಲಿಲ್ಲ.

"ಸರಿ ಉಟ್ಟು," ಎಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಅತ್ತ ತಿರುಗಿದ ಮೇಲೆ ನಾನು ಬರೆದ ಸಾಲಿನ ಮೇಲೆ ಗೀಚಿದೆ, ಅಕ್ಷರ ಕಾಣದ ಹಾಗೆ. ನನಗೆ ಕಾಣದಿದ್ದರೆ ಇಲ್ಲ ಎಂದಾಗುತ್ತದೆಯೇ, ಎಲ್ಲೋ ಇಟ್ಟಿರುತ್ತದೆ, ತಿಳಿದವರಿಗೆ ಸಿಗುತ್ತದೆ — ಹೀಗೆಲ್ಲ ಹೇಳಿಕೊಂಡೆ. ನಿಜವೇನೆಂದರೆ, ನನ್ನ ಮಾತು ಆ ಪರದೆಯಿಂದ ಹೋಗುವುದು ನನಗೆ ಬೇಡವಾಗಿತ್ತು.

ಲೀಲಕ್ಕನ ಮನೆ ಗಾಳಿಬೀಡಿನಿಂದ ಇನ್ನೂ ಮೇಲೆ, ಗುಡ್ಡದ ಪಕ್ಕೆಯಲ್ಲಿತ್ತು. ಗುಡ್ಡ ಕುಸಿದ ವರ್ಷ ಅದು ಹೋಯಿತು. ಜನ ಮೊದಲೇ ಹೊರಟಿದ್ದರಿಂದ ಉಳಿದರು. ಮನೆ, ಕೊಟ್ಟಿಗೆ, ಗದ್ದೆ, ಕಾಫಿ ತೋಟ — ಯಾವುದು ಎಲ್ಲಿತ್ತು ಎಂದು ತೋರಿಸಲೂ ಆಗದ ಹಾಗೆ ಮಣ್ಣು ಮುಚ್ಚಿತು. ಲೀಲಕ್ಕನಿಗೆ ಸರಕಾರ ಕಟ್ಟಿಸಿಕೊಟ್ಟ ಸಾಲು ಮನೆಗಳಲ್ಲಿ ಒಂದು ಸಿಕ್ಕಿತು. ಆ ಕೊರಗಿನಲ್ಲೇ ಅವರ ಯಜಮಾನರು ಮುಂದಿನ ವರ್ಷ ಹೋದರು. ಮಗಳು ಶೋಭಾ ಮಡಿಕೇರಿಯಲ್ಲಿದ್ದಳು. ಅವಳ ಮದುವೆಯ ಸಮಯದಲ್ಲಿ ಅಪ್ಪ ಒಂದು ಸಣ್ಣ ಕ್ಯಾಮೆರಾದಲ್ಲಿ ಮನೆಯ ಮೂಲೆ ಮೂಲೆಯ ಫೋಟೋ ಹಿಡಿದು ಅವಳ ಕಂಪ್ಯೂಟರಿಗೆ ಹಾಕಿಸಿದ್ದರು. ಕ್ಯಾಮೆರಾ ಮಣ್ಣಿನಡಿ ಹೋಯಿತು, ಕಂಪ್ಯೂಟರ್ ಮಡಿಕೇರಿಯಲ್ಲಿದ್ದದ್ದರಿಂದ ಉಳಿಯಿತು. ಶೋಭಾ ಅದನ್ನು ತಾಯಿಗೆ ತಂದುಕೊಟ್ಟಳು.

ಲೀಲಕ್ಕ ಊಟವಾದ ಮೇಲೆ ದಿನಾ ಅದರ ಮುಂದೆ ಕೂರುತ್ತಿದ್ದರು. ಜಗಲಿ, ಒನಕೆ ನಿಲ್ಲಿಸಿದ ಮೂಲೆ, ಹಂಡೆ, ಬಾಗಿಲಿನಲ್ಲಿ ನಿಂತ ಕರು. ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ನಾನು ಎಷ್ಟು ಸಲ ನೋಡಿದ್ದೇನೋ. ಆದರೆ ಕಂಪ್ಯೂಟರ್ ಮುದಿಯಾಗಿತ್ತು. ಒಂದು ಫೋಟೋ ಬಿಚ್ಚಿಕೊಳ್ಳುವಷ್ಟರಲ್ಲಿ ಅನ್ನ ಬೇಯುತ್ತದೆ ಎಂದು ಲೀಲಕ್ಕ ಬೈಯುತ್ತಿದ್ದರು. ಆಗ ನಾನು — ಯಾರೂ ಕೇಳದೆ, ನಾನಾಗಿಯೇ — ರೇವತಿಯ ಹೊಸ ಸಿಸ್ಟಂ ಹಾಕಿದರೆ ಓಡುತ್ತದೆ, ನಾನೇ ಹಾಕಿಕೊಡುತ್ತೇನೆ ಎಂದೆ. ಅದರಲ್ಲಿ ನನ್ನ ಮಾತು ಇದೆ ಎಂದೂ ಹೇಳಿಕೊಂಡೆ. ಲೀಲಕ್ಕ ನನ್ನ ಬೆನ್ನು ತಟ್ಟಿ, "ಅಂತೂ ನಿಂಗೆ ಮಾತಾಡಿಕೆ ಬಾತಲ್ಲ ಕುಸುಮ," ಎಂದರು.

ಮಾರನೇ ದಿನ ಪೆನ್‌ಡ್ರೈವ್ ತೆಗೆದುಕೊಂಡು ಹೋದೆ. ಭಾಷೆ, ಕೀಲಿಮಣೆ, ಹೆಸರು. ನಾನು ಟೀಚರಿನ ಹಾಗೆ ಹೇಳುತ್ತ ಹೋದೆ, ಲೀಲಕ್ಕ ಪಕ್ಕದಲ್ಲಿ ಕೂತು ಒಂದೊಂದೂ ಮಾತನ್ನು ಗಟ್ಟಿಯಾಗಿ ಓದುತ್ತಿದ್ದರು. ಆ ಪುಟ ಬಂತು. ಅವರು ನಿಧಾನವಾಗಿ ಓದಿ ನನ್ನ ಮುಖ ನೋಡಿದರು.

"ತೆಗ್ದ್ ಅಂದ್ರೆ ಎಂತ ಕುಸುಮ? ಬಿಸಾಡುದಾ?"

ನಿಲ್ಲಿಸಬಹುದಿತ್ತು. ಕೇಳಿದ್ದೇ ಅದನ್ನು. ನನ್ನ ಎದೆಯಲ್ಲಿ ಆ ಏಲಕ್ಕಿ ಗಿಡಗಳು ಎದ್ದು ಬಂದವು — ಖಾಲಿ ಕಡತಗಳು, ಗೀಚಿದ ಸಾಲು. ರೇವತಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆದರೆ ಲೀಲಕ್ಕನ ಎದುರು, ಅಷ್ಟು ಹೇಳಿಕೊಂಡ ಮೇಲೆ, ನನ್ನದೇ ಮಾತಿನ ಅರ್ಥ ನನಗೆ ಗೊತ್ತಿಲ್ಲ ಎನ್ನುವುದು ಹೇಗೆ?

"ಇಲ್ಲೆ ಲೀಲಕ್ಕ. ತೆಗ್ದ್ ಇಡುದು. ಪತ್ತಾಯದ ಭತ್ತದಂಗೆ."

ಒತ್ತಿದೆ.

ಪಟ್ಟಿ ತುಂಬತೊಡಗಿತು. ನನಗೆ ಅಲ್ಲಿ ಕೂರಲಾಗಲಿಲ್ಲ. ಕೈ ತೊಳೆದು ಬರುತ್ತೇನೆ ಎಂದು ಹಿತ್ತಿಲಿಗೆ ಹೋದೆ. ತೊಳೆಯಲು ಕೈಯಲ್ಲಿ ಏನಿತ್ತು? ನಲ್ಲಿಯ ಹತ್ತಿರ ಬಹಳ ಹೊತ್ತು ಸುಮ್ಮನೆ ನಿಂತಿದ್ದು ಒಳಗೆ ಬಂದಾಗ ಕೆಲಸ ಮುಗಿದಿತ್ತು. ಕಂಪ್ಯೂಟರ್ ಹೊಸದರ ಹಾಗೆ ಚಕ್ಕನೆ ಎದ್ದಿತು. ಲೀಲಕ್ಕ ನಕ್ಕರು. ಫೋಟೋ ತೋರಿಸು ಎಂದರು.

ಹುಡುಕಿದೆ. ಹುಡುಕುವ ಹಾಗೆ ಮಾಡಿದೆ ಎನ್ನುವುದು ಹೆಚ್ಚು ಸರಿ — ನನಗೆ ಗೊತ್ತಾಗಿತ್ತು. ಲೀಲಕ್ಕ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಇದರಲ್ಲಿ ನೋಡು, ಅದರಲ್ಲಿ ನೋಡು ಎನ್ನುತ್ತಿದ್ದರು. ಅವರ ಉಸಿರು ನನ್ನ ಭುಜಕ್ಕೆ ತಾಕುತ್ತಿತ್ತು. ಆಗ ನನ್ನ ಬಾಯಿಂದ ಆ ಪ್ರಶ್ನೆ ಬಂತು. ಅದು ಎಲ್ಲಿಂದ ಬಂತು ಎಂದು ಈಗಲೂ — ಇಲ್ಲ, ನನಗೆ ಗೊತ್ತು ಎಲ್ಲಿಂದ ಬಂತೆಂದು.

"ಲೀಲಕ್ಕ, ನಾ ಹೊರಗೆ ಹೋದಾಗ ನೀವು ಎಂತಾರ್ ಒತ್ತಿದ್ರಾ?"

ಅವರ ಕೈ ಮೇಜಿನಿಂದ ಕೆಳಗಿಳಿಯಿತು.

"ಕಪ್ಪಾತ್ ಅದು," ಎಂದರು. "ಕೆಟ್ಟುಹೋತಾ ಹೇಳಿ ಹೆದರಿಕೆ ಆತ್. ಒಂದೇ ಒಂದು ಒತ್ತಿದೆ."

ಅಷ್ಟು ಹೊತ್ತು ಯಾರೂ ಮುಟ್ಟದಿದ್ದರೆ ಪರದೆ ಕಪ್ಪಾಗುತ್ತದೆ. ಯಾವುದನ್ನಾದರೂ ಒತ್ತಿದರೆ ಬೆಳಗುತ್ತದೆ. ಅದರಿಂದ ಏನೂ ಹೋಗುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಮಳೆಗಾಲದಲ್ಲಿ ಎಷ್ಟು ಸಲ ನಾನೇ ಹಾಗೆ ಒತ್ತಿದ್ದೆ. ಹೇಳಲು ಒಂದು ವಾಕ್ಯ ಸಾಕಿತ್ತು. ನಾನು ಪರದೆಯನ್ನು ನೋಡುತ್ತ ಕೂತೆ. ಲೀಲಕ್ಕ ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತರು.

ಮರುದಿನ ರೇವತಿ ಓಡಿ ಬಂದಳು. ಡಿಸ್ಕನ್ನು ಕಳಚಿ ಮನೆಗೆ ಒಯ್ದು ಹತ್ತಿಪ್ಪತ್ತು ದಿನ ಅದರಲ್ಲೇ ಮುಳುಗಿದಳು. ಸಿಕ್ಕಿದ್ದು ಒಂದೇ ಫೋಟೋ, ಅದೂ ಪೂರ್ತಿ ಅಲ್ಲ. ಮೇಲೆ ಎರಡು ಬೆರಳಷ್ಟು ಆಕಾಶ, ಹೆಂಚಿನ ಸಾಲು. ಅಲ್ಲಿಂದ ಕೆಳಗೆಲ್ಲ ಬೂದು ಬಣ್ಣ. ಅದನ್ನು ಕಾಗದದ ಮೇಲೆ ತೆಗೆಸಿ ಲೀಲಕ್ಕನಿಗೆ ಕೊಟ್ಟಳು. ಲೀಲಕ್ಕ ಆ ಬೂದಿನ ಮೇಲೆ ಬೆರಳಿಟ್ಟು, ಇಲ್ಲಿ ಜಗಲಿ, ಇಲ್ಲಿ ಮೆಟ್ಟಿಲು ಎಂದು ತೋರಿಸುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಹೌದು ಎನ್ನುತ್ತಿದ್ದೆ.

ರೇವತಿ ನನ್ನನ್ನು ಕೂರಿಸಿ ಕೇಳಿದಳು, ಯಾವ ಆಯ್ಕೆ ಒತ್ತಿದಿರಿ ಎಂದು. ಪಕ್ಕದಲ್ಲಿ ಇಡುವುದನ್ನೇ ಒತ್ತಿದೆ ಎಂದೆ. ಇದು ಬಾಯಿ ಬಿಟ್ಟು ಹೇಳಿದ ಸುಳ್ಳು. ಒತ್ತಿದ್ದನ್ನೆಲ್ಲ ಬರೆದಿಡುವ ವ್ಯವಸ್ಥೆ ಆಗ ಅದರಲ್ಲಿರಲಿಲ್ಲ, ಅವಳು ನನ್ನ ಮಾತನ್ನೇ ನಂಬಬೇಕಿತ್ತು. ನಂಬಿದಳು. ಹಾಗಾದರೆ ತಪ್ಪು ಪ್ರೋಗ್ರಾಮಿನಲ್ಲೇ ಇರಬೇಕು ಎಂದು ವಾರಗಟ್ಟಲೆ ಹುಡುಕಿದಳು. ಪರದೆ ಕಪ್ಪಾಗಿರುವಾಗ ಕೀಲಿ ಒತ್ತಿದರೆ ಒಳಗೆ ಏನೇನಾಗುತ್ತದೆ ಎಂದು ನನ್ನ ಕೈಯಲ್ಲೇ ಮತ್ತೆ ಮತ್ತೆ ಮಾಡಿಸಿದಳು. ನಾನು ಲೀಲಕ್ಕನ ಹಾಗೆ ಕೂತು, ಲೀಲಕ್ಕನ ಹಾಗೆ ಒತ್ತಿದೆ. ಕೊನೆಗೆ ಅವಳು, ಇಲ್ಲದ ತಪ್ಪಿಗೆ ಒಂದು ಕಾರಣ ಕಂಡುಕೊಂಡು, ಕಪ್ಪು ಪರದೆಯಲ್ಲಿ ಒತ್ತಿದ್ದು ಒಳಗೆ ತಲುಪದ ಹಾಗೆ ಸರಿಮಾಡಿದಳು. ಆ ಸಲದ ಸುಧಾರಣೆಗಳ ಪಟ್ಟಿಯಲ್ಲಿ, ಈ ದೋಷವನ್ನು ಗಮನಕ್ಕೆ ತಂದವರು ಎಂದು ನನ್ನ ಹೆಸರು ಹಾಕಿದಳು. ನಿಜವಾದ ದೋಷ ಇನ್‌ಸ್ಟಾಲರಿನ ಆ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಗೆಯೇ ಇತ್ತು.

ಲೀಲಕ್ಕ ಆಮೇಲೆ ಯಾವ ಗುಂಡಿಯನ್ನೂ ಒತ್ತಲಿಲ್ಲ. ಮಿಕ್ಸಿ ಹಾಕಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದರು. ಫೋನ್ ಬಂದರೆ ಎದುರಿಗಿದ್ದವರ ಕೈಗೆ ಕೊಡುತ್ತಿದ್ದರು, "ನೀನೇ ಒತ್ತು" ಎಂದು. ಒಂದು ಹುತ್ತರಿಗೆ ಅವರ ಮೈದುನನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಆ ಮೈದುನ ಟಿವಿಯ ರಿಮೋಟನ್ನು ಎತ್ತಿ ಹಿಡಿದು, "ಅತ್ತಿಗೆಯ ಕೈಗೆ ಮಾತ್ರ ಕೊಡ್ಬೇಡಿ, ಇದ್ದ ಮನೆಯೂ ಹೋದೀತು," ಎಂದರು. ಎಲ್ಲರೂ ನಕ್ಕರು. ಲೀಲಕ್ಕನೂ ನಕ್ಕರು. ನಾನೂ ನಕ್ಕೆ, ಮಕ್ಕಳೇ. ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕೆ.

ದಾರಿಯಲ್ಲಿ ಲೀಲಕ್ಕ ನನ್ನ ಕೈ ಹಿಡಿದು ನಡೆಯುತ್ತ ಹೇಳಿದರು, "ಮನೆ ಎರಡು ಸಲ ಹೋತ್ ಕುಸುಮ. ಒಂದ್ಸಲ ಗುಡ್ಡ ತಕೊಂಡ್ ಹೋತ್. ಇನ್ನೊಂದ್ಸಲ ನಾನೇ."

ಆಗಲೂ ಹೇಳಲಿಲ್ಲ. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಇವತ್ತು ಹೇಳಿದರೆ ನಿನ್ನೆ ಏಕೆ ಹೇಳಲಿಲ್ಲ ಎಂದಾಗುತ್ತದೆ; ದಿನ ಕಳೆದಷ್ಟೂ ಆ ನಿನ್ನೆಗಳು ಹೆಚ್ಚಾದವು. 'ತೆಗೆ' ಎಂಬ ಮಾತು ನನ್ನ ನಾಲಗೆಯಿಂದಲೇ ಹೊರಟುಹೋಯಿತು. ನಮ್ಮ ಅಜ್ಜಿ ಬಾಗಿಲು ತೆಗಿ ಎನ್ನುವುದಿಲ್ಲ, ಬಾಗಿಲು ಬಿಡು ಎನ್ನುತ್ತಾರೆ ಎಂದು ನೀವು ಅಣಕಿಸುತ್ತೀರಲ್ಲ? ತೆಗಿ ಎನ್ನಲು ಹೊರಟರೆ ಪಕ್ಕದಲ್ಲಿ ಲೀಲಕ್ಕನ ದನಿ ಕೇಳುತ್ತದೆ — ತೆಗ್ದ್ ಅಂದ್ರೆ ಎಂತ ಕುಸುಮ? ಈಗಲೂ ಕೇಳುತ್ತದೆ. ಬೇರೆಯವರು ಆ ಮಾತಾಡಿದರೂ ಕೇಳುತ್ತದೆ. ಅನ್ನದ ಪಾತ್ರೆ ತೆಗೆಯುವಾಗ, ಒಣಗಿದ ಬಟ್ಟೆ ತೆಗೆಯುವಾಗ, ದಿನಕ್ಕೆ ಎಷ್ಟು ಸಲ. ಅವರು ಬೈಯುವುದಿಲ್ಲ. ತಿಳಿಯದವರು ತಿಳಿದವರನ್ನು ಕೇಳುವ ಹಾಗೆ ಕೇಳುತ್ತಾರೆ, ಅಷ್ಟೇ.

ಲೀಲಕ್ಕ ಹೋದ ಮೇಲೂ ಸುಮ್ಮನಿದ್ದೆ. ದೀಕ್ಷಾ ಆ ಪ್ರಬಂಧ ಓದಿದ ಮರುದಿನ ರೇವತಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, 'ಸರಿ ಉಟ್ಟು' ಎಂದ ದಿನದಿಂದ ಹಿಡಿದು.

"ಬೇರೆ ಕಡೆಯಿಂದಲೂ ಮೂರು ನಾಲ್ಕು ಜನ ಬರೆದಿದ್ರು ದೊಡ್ಡವ್ವ," ಎಂದಳು. "ನಮ್ದು ಹಳೇದು ಎಲ್ಲಿ ಹೋತ್ ಹೇಳಿ. ನೀವೇ ತಪ್ಪು ಒತ್ತಿರ್ಬೇಕು ಹೇಳಿ ಉತ್ತರ ಕೊಟ್ಟೆ. ಅವ್ರೂ ನಂಬಿದ್ರು."

ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಈಗ ಏನೆಂದು ಬರೆಯಬೇಕು ಎಂದು ಕೇಳಿದಳು — ಮೊದಲಿನ ಹಾಗೆಯೇ, ನನ್ನನ್ನೇ. ನಾನು ಹೇಳಿದೆ: 'ಇದನ್ನು ಒತ್ತಿದರೆ ಈ ಕಂಪ್ಯೂಟರಿನಲ್ಲಿ ಇರುವುದೆಲ್ಲ ನಾಶವಾಗುತ್ತದೆ. ಫೋಟೋ, ಬರಹ, ಎಲ್ಲ. ಮತ್ತೆ ಸಿಗುವುದಿಲ್ಲ.' ಚೆಂದವಾಗಿಲ್ಲ ಆ ಮಾತು. ಅವಳು ಹಾಗೆಯೇ ಬರೆದುಕೊಂಡಳು. ನನ್ನ ಹೆಸರು ಎಲ್ಲೂ ಬೇಡ ಎಂದೆ.

ಹೋದ ಸೋಮವಾರ ಮಡಿಕೇರಿಗೆ ಶೋಭಾಳ ಮನೆಗೆ ಹೋದೆ. ಅವಳು ತರಕಾರಿ ಹೆಚ್ಚುತ್ತಿದ್ದಳು. ಬನ್ನಿ ಕುಸುಮಕ್ಕ, ಕೂತ್ಕೊಳ್ಳಿ ಎಂದಳು. ನಾನು ನಿಂತುಕೊಂಡೇ ಹೇಳಿದೆ, ಕೂತರೆ ಹೇಳಲಾಗದು ಎನಿಸಿತ್ತು. ಮನೆಯಲ್ಲಿ ಹತ್ತು ಸಲ ಹೇಳಿ ಅಭ್ಯಾಸ ಮಾಡಿದ್ದೆ, ಆದರೂ ಮಧ್ಯೆ ಮಧ್ಯೆ ತಪ್ಪಿತು. ಅವಳು ಮಣೆಯ ಮೇಲೆ ಚಾಕು ಇಟ್ಟಳು. ಪೂರ್ತಿ ಕೇಳಿದಳು.

"ಅವ್ವ ಹೋಗುವ ಹಿಂದಿನ ವಾರ ನನ್ನ ಹತ್ರ ಕ್ಷಮೆ ಕೇಳಿತ್," ಎಂದಳು. "ನಿನ್ನ ಅಪ್ಪ ಹಿಡಿದ ಫೋಟೋ ಒಂದನ್ನೂ ನಿನ್ನ ಮಕ್ಕಳಿಗೆ ಉಳಿಸಿಕೆ ಆತಿಲ್ಲೆ ಹೇಳಿ. ನಾನು 'ಹೋಗ್ಲಿ ಬಿಡವ್ವ' ಹೇಳಿದೆ. 'ಕ್ಷಮಿಸಿದೆ' ಹೇಳಿ ಬಾಯಿಬಿಟ್ಟು ಹೇಳ್ಲೇಬೇಕೂಂತ ಹಠ ಮಾಡಿತ್. ಹೇಳಿದೆ."

ನನ್ನನ್ನು ಕ್ಷಮಿಸು ಎಂದು ಕೇಳಬೇಕೆಂದುಕೊಂಡು ಹೋಗಿದ್ದೆ, ಕೇಳಲಿಲ್ಲ. ಅವಳಲ್ಲಿದ್ದ ಕ್ಷಮೆಯನ್ನು, ಯಾವ ತಪ್ಪನ್ನೂ ಮಾಡದ ಅವಳ ತಾಯಿ ಬೇಡಿ ಪಡೆದುಕೊಂಡು ಹೋಗಿದ್ದರು.

ಶೋಭಾ ಎದ್ದು ಒಳಗೆ ಹೋದಳು. ಒಲೆ ಹೊತ್ತಿಸಿದ ಸದ್ದು ಕೇಳಿಸಿತು. ಮನೆಗೆ ಬಂದವರನ್ನು ಬರಿಗಂಟಲಲ್ಲಿ ಕಳಿಸಬಾರದು ಎಂದು ಅವಳಿಗೆ ಕಲಿಸಿದವರು ಲೀಲಕ್ಕ. ಕಾಫಿ ತಂದು ನನ್ನ ಎದುರಿಗಿಟ್ಟಳು. ತನಗೆ ತಂದುಕೊಳ್ಳಲಿಲ್ಲ, ಕೂರಲೂ ಇಲ್ಲ. ತರಕಾರಿ ಮಣೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಾನು ಒಬ್ಬಳೇ ಕೂತು ಪೂರ್ತಿ ಕುಡಿದೆ, ಹೊರಗಿನ ನಲ್ಲಿಯಲ್ಲಿ ಲೋಟ ತೊಳೆದಿಟ್ಟೆ, ಬರುತ್ತೇನೆ ಎಂದೆ. ಒಳಗೆ ತರಕಾರಿ ಹೆಚ್ಚುವ ಸದ್ದು ಕೇಳುತ್ತಿತ್ತು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು; ಹೊರಗೆ ರಸ್ತೆಯ ಅಂಚಿನಲ್ಲಿ ನಿಂತು ಕಾದೆ.